ಅಮ್ಮನ ಫೋಟೋ ಮಾಡಿಸಿದ್ದು

ಅಣ್ಣ ಮಲ್ಲತ್ತಹಳ್ಳಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದ ಮೇಲೆ, ಹಾಲ್‌ನ ಗೋಡೆಗೆ ಅಪ್ಪ ಅಮ್ಮನ ಫೋಟೋ ಜೊತೆಯಾಗಿ ಹಾಕಬೇಕು ಎಂದು ಹಟ ಹಿಡಿದ. ಅಪ್ಪನದು ಇತ್ತು. ಮಿಲ್ಲಿನ ಕೆಲಸದಿಂದ ನಿವೃತ್ತರಾದಾಗ ತೆಗೆಸಿದ್ದು. ಅಮ್ಮನದು ಇರಲಿಲ್ಲ. ಅವಳು ತೀರಿಕೊಂಡಾಗ ನಾನು ತೊಟ್ಟಿಲ ಕೂಸು, ಅಣ್ಣ ಆಗಷ್ಟೇ ಸ್ಕೂಲಿಗೆ ಸೇರಿದ್ದ. ನಾವಿದ್ದ ರಾಜಾಜಿನಗರದ ವಠಾರದಲ್ಲಿ ಹೆಂಗಸರು ಸುಮ್ಮಸುಮ್ಮನೆ ಫೋಟೋ ತೆಗೆಸಿಕೊಳ್ಳುವ ಪದ್ಧತಿ ಇರಲಿಲ್ಲ. ಉಳಿದದ್ದು ಮದುವೆಯ ಒಂದೇ ಒಂದು ಚಿತ್ರ. ಅದರಲ್ಲೂ ಅವಳು ತಲೆ ತಗ್ಗಿಸಿ ನಿಂತಿದ್ದಾಳೆ. ಬೈತಲೆ, ಬಾಸಿಂಗ, ಮೂಗಿನ ತುದಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಅಣ್ಣ ಒಂದು ಭಾನುವಾರ ವಿಜಯನಗರದ ನಮ್ಮ ಮನೆಗೆ ಬಂದು ಹೇಳಿದ, "ನೀನು ಅಮ್ಮನ ಥರಾನೇ ಇದೀಯ ಅಂತ ಎಲ್ರೂ ಅಂತಾರಲ್ಲ. ನಿನ್ನ ಸೀಮಂತದ ಫೋಟೋ ಕೊಡು. ಕಂಪ್ಯೂಟರ್‌ನಲ್ಲಿ ಹಳೇ ಕಾಲದ್ದು ಥರ ಮಾಡಿಸ್ತೀನಿ."

ನಮ್ಮ ಯಜಮಾನರು ಅವನ ಎದುರಿಗೆ ಏನೂ ಹೇಳಲಿಲ್ಲ. ಅವನು ಹೋದ ಮೇಲೆ, "ಬೇಡ ಕಣೇ. ನಾಳೆ ಅದಕ್ಕೆ ಹಾರ ಹಾಕ್ತಾರೆ. ಬದುಕಿರೋರ ಫೋಟೋಗೆ ಯಾರಾದ್ರೂ ಹಾರ ಹಾಕ್ತಾರಾ?" ಎಂದರು. ಅಪಶಕುನ ಎಂಬ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ. ನನಗೆ ಭಯವೇನೂ ಆಗಲಿಲ್ಲ. ಆ ಫೋಟೋದಲ್ಲಿರುವವಳೂ ಈಗ ಇಲ್ಲವಲ್ಲ, ನನ್ನ ಮಗಳೇ ಕಾಲೇಜು ಮುಗಿಸುವ ಹೊತ್ತು ಎಂದುಕೊಂಡೆ. ಆಲ್ಬಮ್ಮಿನಿಂದ ಬಿಡಿಸಿ ಕೊಟ್ಟೆ.

ಬಸವೇಶ್ವರನಗರದಲ್ಲಿ ಅಣ್ಣನಿಗೆ ಗೊತ್ತಿದ್ದ ಒಂದು ಸಣ್ಣ ಸ್ಟುಡಿಯೋ ಇತ್ತು. ಹೆಗ್ಗನಹಳ್ಳಿಯಿಂದ ಚಿಕ್ಕಮ್ಮನನ್ನೂ ಕರೆಸಿದೆವು. ಅಮ್ಮನ ಸ್ವಂತ ತಂಗಿ, ಅವಳನ್ನು ಚೆನ್ನಾಗಿ ನೋಡಿದ್ದವರಲ್ಲಿ ಉಳಿದಿರುವವರು ಅವರೊಬ್ಬರೇ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಹಿಂದೆ ನಾವು ಮೂವರೂ ಸ್ಟೂಲು ಹಾಕಿಕೊಂಡು ಕೂತೆವು.

ಹುಡುಗಿ ಮೊದಲು ಬಣ್ಣ ತೆಗೆದಳು. ನನ್ನ ಹಸಿರು ರೇಷ್ಮೆ ಸೀರೆ ಬೂದುಬಣ್ಣವಾಯಿತು, ಮುಡಿದಿದ್ದ ಕನಕಾಂಬರ ಕಪ್ಪಾಯಿತು. ಆದರೂ ಅದು ಹಳೆಯದಾಗಿ ಕಾಣಲಿಲ್ಲ, ಬಣ್ಣ ಹೋದ ಹೊಸ ಫೋಟೋದ ಹಾಗೆ ಕಂಡಿತು.

"ಬಣ್ಣ ತೆಗೆದ್ರೆ ಸಾಲ್ದು ಆಂಟಿ. ಇದು ತುಂಬಾ ಕ್ಲಿಯರ್ ಆಗಿದೆ," ಎಂದಳು. ನಮ್ಮಲ್ಲಿದ್ದ ಮದುವೆಯ ಚಿತ್ರವನ್ನು ಸ್ಕ್ಯಾನ್ ಮಾಡಿ ಪಕ್ಕದಲ್ಲಿ ಇಟ್ಟುಕೊಂಡಳು. ಅದರ ಕಂದು ಛಾಯೆ, ಡಿಕಾಕ್ಷನ್ ಚೆಲ್ಲಿ ಒಣಗಿದಂಥದ್ದು, ನನ್ನ ಮುಖದ ಮೇಲೆ ನಿಧಾನವಾಗಿ ಬಂತು. ಹಿಂದಿದ್ದ ಕಿಟಕಿ, ಬಲೂನು ಹೋಗಿ ಹಳೆಯ ಸ್ಟುಡಿಯೋಗಳಲ್ಲಿ ಇರುತ್ತಿದ್ದಂಥ ಮೋಡ ಬಿಡಿಸಿದ ಪರದೆ ಬಂತು. ಅಂಚುಗಳು ಮಸುಕಾದವು. ಚಿರೋಟಿ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಕಾಳು ಎದ್ದಿತು. ತುಟಿಗೂ ಕೆನ್ನೆಗೂ, ಆಗೆಲ್ಲ ಕುಂಚದಲ್ಲಿ ಹಚ್ಚುತ್ತಿದ್ದ ಹಾಗೆ, ಒಂದಿಷ್ಟು ಗುಲಾಬಿ ಹಚ್ಚಿದಳು. ಕೊನೆಗೆ ಮೂಲೆಯಿಂದ ಅಡ್ಡಲಾಗಿ ಒಂದು ಮಡಿಕೆಯ ಗೆರೆ ಎಳೆದಳು.

"ಗೆರೆ ಬೇಡಮ್ಮ. ಅಮ್ಮನ ಮೇಲೆ ಬಿದ್ದಿದೆ," ಎಂದ ಅಣ್ಣ. ಅವನ ಬಾಯಲ್ಲಿ ಆಗಲೇ ಅದು ಅಮ್ಮನಾಗಿತ್ತು. ಹುಡುಗಿ ಗೆರೆ ಅಳಿಸಿದಳು.

ಆಮೇಲೆ ಮುಖದ ಕೆಲಸ. ಚಿಕ್ಕಮ್ಮ ಹೇಳುತ್ತ ಹೋದರು. ಅಕ್ಕನ ಹಣೆ ಇಷ್ಟು ಅಗಲ ಇರಲಿಲ್ಲ. ಮೂಗುತಿ ಎರಡೂ ಕಡೆ. ಕಣ್ಣು ಇಷ್ಟು ದಿಟ್ಟವಾಗಿ ನೋಡುತ್ತಿರಲಿಲ್ಲ. ಒಂದೊಂದು ಮಾತಿಗೂ ನಾನು ಸ್ವಲ್ಪ ಸ್ವಲ್ಪವೇ ಅಲ್ಲಿಂದ ಹೋಗುತ್ತಿದ್ದೆ. ಬೇಸರವಾಗಲಿಲ್ಲ. ಬಟ್ಟೆ ಅಂಗಡಿಯಲ್ಲಿ ಬೇರೆ ಯಾರಿಗೋ ಸೀರೆ ಆರಿಸುವಾಗ ಪಕ್ಕದಲ್ಲಿ ಕೂತಿರುತ್ತೇವಲ್ಲ, ಹಾಗಿತ್ತು.

"ಗಲ್ಲದ ಮೇಲೆ ಒಂದು ಮಚ್ಚೆ ಇಡಿ, ಎಡಗಡೆ," ಎಂದ ಅಣ್ಣ. ಹುಡುಗಿ ಇಟ್ಟಳು.

ಚಿಕ್ಕಮ್ಮ ಅವನ ಕಡೆ ತಿರುಗಿದರು. "ಅಕ್ಕಂಗೆ ಎಲ್ಲಿತ್ತೋ ಮಚ್ಚೆ?"

"ಇತ್ತು ಚಿಕ್ಕಮ್ಮ. ಅನ್ನ ಕಲಸಿ ತಿನ್ನಿಸೋವಾಗ ನಾನು ಅದನ್ನೇ ಮುಟ್ತಿದ್ದೆ. ಚೆನ್ನಾಗಿ ಜ್ಞಾಪಕ ಇದೆ."

"ಅದು ಎದುರುಮನೆಯವ್ರು ಕಣೋ. ಅಕ್ಕ ಆಸ್ಪತ್ರೇಲಿದ್ದಾಗ ನಿನಗೆ ತಿನ್ನಿಸ್ತಿದ್ದೋರು ಅವರು. ಅವರಿಗಿತ್ತು ಮಚ್ಚೆ."

ಅಣ್ಣ, ಐವತ್ತು ದಾಟಿದ ಮನುಷ್ಯ, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದ.

"ಸಾರ್, ಮಚ್ಚೆ ಇರ್ಲಾ, ತೆಗೀಲಾ?" ಹುಡುಗಿ ಕೇಳಿದಳು.

"ತೆಗೀರಿ," ಎಂದ.

ಗೃಹಪ್ರವೇಶಕ್ಕೆ ಮುಂಚೆ ಕಟ್ಟು ಹಾಕಿಸಿ ತಂದು ಅಪ್ಪನ ಪಕ್ಕ ತೂಗುಹಾಕಿದರು. ನಮ್ಮ ಯಜಮಾನರ ಮಾತು ಹೇಗೋ ಚಿಕ್ಕಮ್ಮನ ಕಿವಿಗೆ ಬಿದ್ದಿತ್ತು. ಅಪ್ಪನ ಫೋಟೋಗೆ ಹಾರ ಹಾಕಿಸಿದವರು, ಅಮ್ಮನದಕ್ಕೆ ಕಟ್ಟಿನ ಮೇಲೆ ಒಂದು ಮೊಳ ಮಲ್ಲಿಗೆ ಇಟ್ಟು ಸುಮ್ಮನಾದರು. ಅಪ್ಪನ ಕಡೆಯ ವಯಸ್ಸಾದವರೊಬ್ಬರು ಅದರ ಮುಂದೆ ನಿಂತು, "ಹೀಗೇ ಇದ್ಲು, ಪಾಪ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲೇ ಪಾಯಸದ ಬಕೆಟ್ ಹಿಡಿದು ಹೋಗುತ್ತಿದ್ದೆ. ಇಲ್ಲ ಎಂದು ಹೇಳಬೇಕು ಅನ್ನಿಸಲಿಲ್ಲ.

ಪಿತೃಪಕ್ಷದಲ್ಲಿ ಎಡೆ ಇಡಲು ಮತ್ತೆ ಅಣ್ಣನ ಮನೆಗೆ ಹೋದೆವು. ಎಲ್ಲ ಮುಗಿದು ಊಟಕ್ಕೆ ಕೂತಾಗ ಅವನು ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ಮೊದ್ಲು ನೆನೆಸ್ಕೊಂಡ್ರೆ ಒಲೆ ಮುಂದೆ ಕೂತಿರೋ ಬೆನ್ನು ಕಾಣ್ತಿತ್ತು. ಮುಖ ಇರ್ತಿರ್ಲಿಲ್ಲ, ಆದ್ರೆ ಅವಳೇ ಅಂತ ಗೊತ್ತಾಗ್ತಿತ್ತು. ಈಗ ಈ ಫೋಟೋನೇ ಬರುತ್ತೆ."

"ತೆಗೆದುಬಿಡೋಣ್ವಾ?"

"ಬೇಡ. ಮೊಮ್ಮಗು ದಿನಾ ಕೈ ಮುಗಿಯುತ್ತೆ."

ಎದುರಿಗೆ ಕೂತಿದ್ದ ಚಿಕ್ಕಮ್ಮನನ್ನು ಕೇಳಿದೆ, ಅಮ್ಮ ಹೇಗಿದ್ದಳು, ಮುಖ ಅಲ್ಲ, ಹೇಗಿದ್ದಳು ಎಂದು. ಇಷ್ಟು ವರ್ಷಗಳಲ್ಲಿ ನಾನು ಹಾಗೆ ಕೇಳಿದ್ದು ಅದೇ ಮೊದಲು.

ಚಿಕ್ಕಮ್ಮ ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ ಹೇಳಿದರು. "ಸಿನಿಮಾ ಹುಚ್ಚು ಅವಳಿಗೆ. ನೀವು ಹುಟ್ಟೋಕೆ ಮುಂಚೆ, ನಿಮ್ಮಪ್ಪ ಶಿಫ್ಟಿಗೆ ಹೋದ ತಕ್ಷಣ ಬಾಗಿಲು ಹಾಕ್ಕೊಂಡು ಮ್ಯಾಟಿನಿಗೆ ಹೋಗೋಳು. ಒಬ್ಬಳೇ. ಬಂದು ನನಗೆ ಕಥೆ ಎಲ್ಲಾ ಹೇಳೋಳು, ಆದ್ರೆ ಕೊನೆ ಮಾತ್ರ ತಾನೇ ಬೇರೆ ಮಾಡಿ ಹೇಳೋಳು."

"ನಿಜವಾಗ್ಲೂ?" ಎಂದು ಅಣ್ಣ ಕೈ ನಿಲ್ಲಿಸಿದ.

"ಹೂಂ ಕಣೋ. ನಾನು ಆಮೇಲೆ ಎಲ್ಲಾದ್ರೂ ಆ ಸಿನಿಮಾ ನೋಡಿದ್ರೆ, ಇದ್ಯಾಕೆ ಹೀಗ್ ಮುಗೀತು ಅನ್ನಿಸೋದು."

ಅತ್ತಿಗೆ ವಡೆ ಬಡಿಸಲು ಬಂದರು. ಅಣ್ಣ ಇನ್ನೊಂದು ಹಾಕಿಸಿಕೊಂಡು, ಯಾವ ಸಿನಿಮಾ ಎಂದು ಕೇಳತೊಡಗಿದ.