ಕಪಾಟಿನೊಳಗಿನ ಬಲ್ಬು

ನನ್ನ ಮೊದಲ ಮೊಮ್ಮಗಳು ಹುಟ್ಟಿದ್ದು ಗೋಕಾಕ ಫಾಲ್ಸಿನ ನಮ್ಮ ಗಿರಣಿ ಚಾಳಿನ ಮನೆಯಲ್ಲಿ. ಆ ದಿನಗಳನ್ನು ನೆನೆದರೆ ಇವತ್ತಿಗೂ ಸಂತೋಷ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಆದರೆ ಖರೆ ಹೇಳಬೇಕೆಂದರೆ, ಆಗ ನಾನು ಕೂಸಿಗಿಂತ ಹೆಚ್ಚು ಕಾಯ್ದದ್ದು ನನ್ನ ಗಂಡನನ್ನು. ಪೊಲೀಸಿನವರು ಕಳ್ಳನನ್ನು ಕಾಯುವ ಹಾಗೆ!

ಮಗಳು ಮೂಡಲಗಿಯಿಂದ ಬಾಣಂತನಕ್ಕೆ ಬರುವ ಎಂಟು ದಿನ ಮೊದಲು ಶುರುವಾಯಿತು ಅದು. ನಮ್ಮವರು ಗಿರಣಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವರು ಊಟಕ್ಕೂ ಕೂಡದೆ ಮಲಗುವ ಕೋಣೆಯ ಕಪಾಟಿನಲ್ಲಿ ತಲೆ ತೂರಿಸಿದರು. ತೂತು ಕೊರೆದರು, ವೈರು ಎಳೆದರು, ಚೌಕಟ್ಟಿಗೆ ಸ್ಪ್ರಿಂಗಿನ ಸಣ್ಣ ಗುಂಡಿಯೊಂದನ್ನು ಕೂಡಿಸಿದರು. ಬಾಗಿಲು ತೆರೆದರೆ ಒಳಗೆ ಬಲ್ಬು ಹೊತ್ತುತ್ತದೆ, ಮುಚ್ಚಿದರೆ ಆರುತ್ತದೆ!

“ಇಪ್ಪತ್ತು ವರ್ಷ ಕತ್ತಲಾಗ ಕೈಯಾಡಿಸಿ ಅಂಗಿ ತಗೊಂಡ್ರಿ. ಈಗ್ಯಾಕ ಬೇಕಾತ್ರಿ ದೀಪಾ?”

“ವಯಸ್ಸಾತು. ಕಣ್ಣು ಕಾಣವಲ್ವು.”

“ನನ್ನ ಸೂಜಿಗೆ ದಾರಾ ಪೋಣಿಸಿ ಕೊಡಾವ್ರು ನೀವ ಅಲ್ಲೇನ್ರಿ?”

ಅವರು ನಕ್ಕರು. ಆ ನಗುವೇ ನನಗೆ ಸೇರಲಿಲ್ಲ.

ಅದೇ ಕಪಾಟಿನ ಕೆಳಗಿನ ಖಣದಲ್ಲಿ, ಒಂದು ಡಬ್ಬಿಯೊಳಗೆ ನನ್ನ ಬೋರಮಾಳವಿತ್ತು. ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಸರ, ನನ್ನ ಅವ್ವ ಕೊಟ್ಟದ್ದು. ತೊಟ್ಟಿಲ ದಿನ ಕೂಸಿನ ಕೊರಳಿಗೆ ಮುಟ್ಟಿಸಿ ಮಗಳ ಕೈಗೆ ಕೊಡಬೇಕೆಂದು ನಾನು ಕಾದಿದ್ದೆ. ಅದರ ಹಿಂದಿನ ವಾರವಷ್ಟೇ ಹುಕ್ಕೇರಿಯಿಂದ ನಾದಿನಿ ಬಂದು ಅಣ್ಣನ ಮುಂದೆಯೇ ಕೇಳಿದ್ದಳು: “ವೈನಿ, ನಿಮ್ಮ ಬೋರಮಾಳಾ ಕಪಾಟಿನಾಗ ಸುಮ್ನ ಕುಂತೈತಿ. ನನ್ನ ಮಗಳ ಲಗ್ನಕ್ಕರ ಕೊಡ್ರಿ.” ನಮ್ಮವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವಾರ ತುಂಬುವುದರೊಳಗೆ ಕಪಾಟಿಗೆ ದೀಪ! ನಾನೇನು ಅಷ್ಟು ಹುಚ್ಚಿಯೇ?

ಮಗಳು ಬಂದಳು, ಹಡೆದಳು. ಹೆಣ್ಣು! ನಮ್ಮ ಮನೆಯ ರೂಢಿಯಂತೆ ಕಿಟಕಿಗೆ ಕೌದಿ ಕಟ್ಟಿದೆ, ಕೋಣೆಯ ದೊಡ್ಡ ಬಲ್ಬು ಬಿಚ್ಚಿ ಇಟ್ಟೆ. ಹಸುಗೂಸಿನ ಕಣ್ಣಿಗೆ ಬೆಳಕು ಬಡಿಯಬಾರದು, ಹದಿಮೂರನೆಯ ದಿನದವರೆಗೆ ಗಂಡಸರು ಮುಖ ನೋಡಬಾರದು. ಹೆತ್ತ ತಂದೆಗೂ ಅದೇ, ಅಜ್ಜನಿಗೂ ಅದೇ. ಆದರೆ ಇದ್ದದ್ದು ಒಂದೇ ಮಲಗುವ ಕೋಣೆ, ಅಂಗಿಗಳೆಲ್ಲ ಅಲ್ಲೇ. ಅದಕ್ಕೇ ಹೇಳಿದೆ, “ಬೇಕಾದರ ಬರ್ರಿ. ಬಾಣಂತಿ ಮಲಗೂ ಹೊರಸಿಗೆ ಬೆನ್ನು ಮಾಡಿ ಸೀದಾ ಕಪಾಟಿಗೆ ಹೋಗ್ರಿ, ಹಂಗ ಹೊರಗ ನಡೀರಿ.”

ಆವತ್ತಿನಿಂದ ನೋಡಬೇಕು ಅವರಿಗೆ ಅಂಗಿಯ ಹುಚ್ಚು! ಬೆಳಿಗ್ಗೆ ಒಂದು, ಪಾಳಿಯಿಂದ ಬಂದ ಮೇಲೆ ಒಂದು, ಚಹಾ ಚೆಲ್ಲಿತೆಂದು ಇನ್ನೊಂದು. ಐದನೆಯ ದಿನ ಅಂಗಿಯ ಬದಲು ನನ್ನ ಕುಬಸ ಹಿಡಿದುಕೊಂಡು ಹೊರಗೆ ಬಂದರು.

“ಅಷ್ಟು ಬೆಳಕು ಹಚ್ಕೊಂಡು ಇದನ್ನ ತಂದೀರಲ್ರಿ! ಗಿರಣಿಗೆ ಹಾಕ್ಕೊಂಡು ಹೋಗಾವ್ರೇನು?”

ಅವರ ಕಣ್ಣು ಬಟ್ಟೆಯ ಮೇಲಿರಲಿಲ್ಲ, ಅದಂತೂ ಗಟ್ಟಿಯಾಯಿತು. ಬೋರಮಾಳದ ಡಬ್ಬಿಯ ಮುಚ್ಚಳದ ಮೇಲೆ ಅರಿಷಿಣದ ಕೊಂಬೊಂದನ್ನು ಇಟ್ಟೆ. ಯಾರಾದರೂ ಮುಟ್ಟಿದರೆ ಬೀಳಲಿ ಎಂದು. ದಿನಾ ನೋಡಿದೆ. ಕೊಂಬು ಅಲುಗಿರಲಿಲ್ಲ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ, ಇನ್ನೂ ಹೊಂಚು ನಡೆದಿದೆ ಅಂದುಕೊಂಡೆ.

ಒಂಬತ್ತನೆಯ ದಿನ ಊಟ ಮಾಡುತ್ತಾ, “ನಾಳೆ ಹುಕ್ಕೇರಿಗೆ ಹೋಗಿ ಬರ್ತೀನಿ” ಅಂದರು. ನಾದಿನಿಯ ಊರು! ಕೈ ತೊಳೆದವರೇ ಅಂಗಿಗೆಂದು ಕೋಣೆಗೆ ಹೋದರು. ನಾನು ಎಂಜಲು ತಟ್ಟೆ ಅಲ್ಲೇ ಬಿಟ್ಟು ಬಾಗಿಲ ಪರದೆಯ ಸಂದಿಯಿಂದ ನೋಡಿದೆ.

ಕಪಾಟು ತೆರೆಯಿತು, ಬಲ್ಬು ಹೊತ್ತಿತು. ಅವರು ಒಳಗೆ ಕೈ ಸಹ ಹಾಕಲಿಲ್ಲ. ಕಪಾಟಿಗೇ ಬೆನ್ನು ಮಾಡಿ ನಿಂತು, ಬಾಗಿಲನ್ನು ಇಷ್ಟೇ ಇಷ್ಟು ಸರಿಸಿ, ಬೆಳಕಿನ ಒಂದು ಗೀಟನ್ನು ಹೊರಸಿನ ಮೇಲೆ ಬೀಳಿಸಿದರು. ನನ್ನ ಮಗಳೂ ಏನು ಕಡಿಮೆ! ತಲೆಯ ಕುಂಚಿಗೆ ಹಿಂದೆ ಸರಿಸಿ ಕೂಸಿನ ಮುಖವನ್ನು ಆ ಬೆಳಕಿಗೆ ಹಿಡಿದಿದ್ದಳು.

“ಮೂಗು ನಂದ ಐತಿ ನೋಡವಾ.”

“ಅವ್ವ ಬಂದಾಳು, ಲಗೂನ ನೋಡ್ರಿ ಅಪ್ಪಾ.”

“ಹಿಂಗೇನ್ರಿ ಅಂಗಿ ಹುಡುಕೂದು?” ಎನ್ನುತ್ತಾ ಒಳಗೆ ನುಗ್ಗಿದೆ. ಅವರು ಗಾಬರಿಯಾಗಿ ಬಾಗಿಲು ಮುಚ್ಚಿಬಿಟ್ಟರು. ಕತ್ತಲು. ಮಗಳು ನಗು ತಡೆಯುತ್ತಿದ್ದದ್ದು ಕೇಳಿಸಿತು.

“ಹುಕ್ಕೇರಿಗ್ಯಾಕ ಹೊಂಟೀರಿ? ಅದನ್ನ ಹೇಳ್ರಿ ಮೊದಲ.”

“ತೊಟ್ಟಿಲಕ್ಕ ಕರಿಯಾಕ. ಮತ್ತ, ತಂಗೀಗೆ ಬೋರಮಾಳಾ ಆಗೂದಿಲ್ಲ ಅಂತ ಹೇಳಾಕ. ಅದು ಈ ಕೂಸಿಂದು ಅಲ್ಲೇನು? ಕಾಗದಾ ಬರದ್ರ ಅಕಿ ಸಿಟ್ಟಾಗ್ತಾಳ, ಎದುರಿಗೆ ಕುಂತು ಹೇಳಬೇಕು.”

ಕತ್ತಲಾಗಿದ್ದದ್ದೇ ಚಲೋ ಆಯಿತು, ನನ್ನ ಮುಖ ಅವರಿಗೆ ಕಾಣಲಿಲ್ಲ. ಹದಿಮೂರು ತುಂಬಲು ಇನ್ನೂ ನಾಲ್ಕು ದಿನವಿತ್ತು. ಇರಲಿ ಬಿಡು ಎಂದು ನಾನೇ ಹೋಗಿ ಕಪಾಟಿನ ಬಾಗಿಲನ್ನು ಪೂರಾ ತೆರೆದೆ.

“ಅಂಗಿ ನೆವಾ ಸಾಕ್ರಿ. ಬಾಜೂಕ ಬಂದು ನೋಡ್ರಿ.”

ಅವರು ಹೊರಸಿನ ಬಳಿ ಮೊಣಕಾಲೂರಿ ಕುಳಿತರು, ಪಕ್ಕಕ್ಕೆ ನಾನೂ ಕುಳಿತೆ. ಅವರು ಹೇಳಿದ್ದೆಲ್ಲದಕ್ಕೂ ಹೂಂ ಅಂದೆ ನಾನು, ಮೂಗಿನ ಮಾತೊಂದನ್ನು ಬಿಟ್ಟು. ಅದು ನನ್ನ ಮೂಗು.