ಮರಗಟ್ಟಿದ ಕೈಯ ಹಿಡಿತ

ಯಾರಾದರೂ ಮೈಮೇಲೆ ದೆವ್ವ ಬಂತು ಎಂದರೆ, ‘ಮೊದಲು ಮನೆಯ ಕರೆಂಟಿನ ಅರ್ಥಿಂಗ್ ಸರಿ ಇದೆಯೇ ನೋಡಿಸಿಕೊಳ್ಳಿ’ ಎಂದು ಗೇಲಿ ಮಾಡುತ್ತಿದ್ದವನು ನಾನು. ಹಂಪಾಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಕರೆಂಟಿಲ್ಲದೆ ಮೋಟಾರು ತಿರುಗದು ಎಂಬುದಕ್ಕಿಂತ ದೊಡ್ಡ ಸತ್ಯ ನನಗೆ ಗೊತ್ತಿರಲಿಲ್ಲ. ಈಗಲೂ ದೆವ್ವವನ್ನು ನಂಬುತ್ತೇನೆಂದು ಹೇಳಲಾರೆ. ಗೇಲಿ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ನಲವತ್ತೈದು ದಾಟುತ್ತಲೇ ನನ್ನ ಬಲಗೈಯ ಕಿರುಬೆರಳು, ಉಂಗುರದ ಬೆರಳು ಅಂಗೈಯತ್ತ ಮಡಚಿಕೊಳ್ಳತೊಡಗಿದವು. ಮುಖ ತೊಳೆಯಲು ಹೋದರೆ ಕಿರುಬೆರಳು ಕಣ್ಣಿಗೆ ತಿವಿಯುತ್ತಿತ್ತು. ತಂತಿ ಹಿಡಿಯಲಾಗದೆ ಕಸುಬನ್ನೇ ಬಿಡುವ ಹಾಗಾಯಿತು. ಚರ್ಮದಡಿಯ ಪದರ ಹಗ್ಗದಂತೆ ಬಿಗಿದುಕೊಂಡಿದೆ, ಕೊಯ್ದು ತೆಗೆಯಬೇಕು, ಇದು ವಂಶದಲ್ಲಿ ಬರುವಂಥದ್ದು ಎಂದರು ಹುಣಸೂರಿನ ಡಾಕ್ಟರು.

ವಂಶ ಎಂದಾಗ ಅಪ್ಪ ನೆನಪಾದರು. ಅಪ್ಪನಿಗೂ ಅವೇ ಎರಡು ಬೆರಳು ಮಡಚಿದ್ದವು. ಅವರು ತೀರಿಕೊಂಡಾಗ, ಹೆಣ ಕೂರಿಸಿ ಕೈ ಮುಗಿಸಿ ಕಟ್ಟಲು ಆ ಬೆರಳುಗಳು ಅಡ್ಡ ಬಂದವು. ‘ಒಸಿ ಬಿಗಿಯಾಗಿ ಒತ್ಲಾ, ಸತ್ತೋರ್ಗೆ ಎಂತಾ ನೋವು?’ ಎಂದರು ದೊಡ್ಡಪ್ಪ. ಒತ್ತಿದೆ. ಲಟಕ್ ಎಂದಿತು. ಆ ಸದ್ದಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.

ಆಪರೇಷನ್ ಆಗಿದ್ದು ನಾಲ್ಕು ವರ್ಷದ ಹಿಂದೆ. ಕಂಕುಳಿಗೆ ಚುಚ್ಚಿ ಇಡೀ ಕೈ ಮರಗಟ್ಟಿಸಿದರು. ಎತ್ತಿ ಎಂದರು, ಎತ್ತಲಾಗಲಿಲ್ಲ. ಫ್ಯೂಸ್ ಕಿತ್ತ ಮೋಟಾರಿನಂತೆ ಬಿದ್ದಿತ್ತು. ನನಗೆ ಕಾಣದಂತೆ ಅಡ್ಡ ಬಟ್ಟೆ ಕಟ್ಟಿದರು. ಬೆಳಗಿನ ಹನ್ನೊಂದು ಗಂಟೆ, ಹೊರಗೆ ಮಡಿಕೇರಿ ಬಸ್ಸಿನ ಹಾರನ್ ಕೇಳುತ್ತಿತ್ತು.

‘ಕೈ ಬಿಡ್ರಿ’ ಎಂದರು ಡಾಕ್ಟರು.

ತಮಾಷೆ ಎಂದುಕೊಂಡು, ‘ನಾನೇನೂ ಇಡ್ಕಂಡಿಲ್ಲ ಸಾ’ ಎಂದೆ.

‘ಬಿಡ್ರೀ, ನೋಯ್ತಿದೆ!’ ಎಂದು ಕೂಗಿದರು ಅವರು.

ಕತ್ತೆತ್ತಿ ಬಟ್ಟೆಯಾಚೆ ನೋಡಿದೆ. ನನ್ನ ಆ ಎರಡು ಬೆರಳು ಡಾಕ್ಟರ ಹೆಬ್ಬೆರಳನ್ನು ಬಿಗಿದು ಹಿಡಿದಿದ್ದವು. ನರ್ಸಮ್ಮ ಎರಡೂ ಕೈಯಿಂದ ಎಳೆದರೂ ಬಿಡುತ್ತಿರಲಿಲ್ಲ. ನನಗೆ ಅದರ ಅರಿವು ಎಳ್ಳಷ್ಟೂ ಇರಲಿಲ್ಲ, ಆ ಕೈ ನನ್ನದೆಂದೇ ಅನ್ನಿಸಲಿಲ್ಲ. ‘ಅಪ್ಪಾ, ತಪ್ಪಾಯ್ತು, ಬುಡಪ್ಪಾ’ ಎಂಬ ಮಾತು ತಾನಾಗಿ ಹೊರಬಿತ್ತು. ಬೆರಳು ಸಡಿಲಾದವು.

‘ಇಂಜೆಕ್ಷನ್ ಸರಿಯಾಗಿ ಹಿಡಿದಿಲ್ಲವೇನೋ’ ಎಂದರು ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವಂತೆ. ಹಾಗಿದ್ದರೆ ಮುಂದೆ ಒಂದು ಗಂಟೆ ಕೊಯ್ದರೂ ನನಗೆ ಇರುವೆ ಕಚ್ಚಿದಷ್ಟೂ ನೋವೇಕೆ ಆಗಲಿಲ್ಲ?

ಬೆರಳು ನೆಟ್ಟಗಾಗಿವೆ, ಕಸುಬೂ ಉಳಿಯಿತು. ಆದರೆ ಈ ವರ್ಷ ಎಡಗೈಯ ಕಿರುಬೆರಳು ಮಡಚತೊಡಗಿದೆ. ಮೊನ್ನೆ ಅದೇ ಡಾಕ್ಟರಿಗೆ ತೋರಿಸಲು ಹೋದೆ. ಅವರು ಮುಟ್ಟದೆಯೇ ದೂರದಿಂದ ನೋಡಿ, ‘ಇನ್ನೂ ಸ್ವಲ್ಪ ದಿನ ಕಾಯೋಣ’ ಎಂದರು. ಹಾಗೆನ್ನುವಾಗ ಅವರ ಹೆಬ್ಬೆರಳು ಮುಷ್ಟಿಯೊಳಗೆ ಅಡಗಿತ್ತು.