ತಿರುವಿ ಹಿಡಿದ ಲೆನ್ಸು, ಕಮಲಕ್ಕನ ಸೆರಗು

ಕೊರೊನಾ ಕಳೆದ ಮರುವರ್ಷ. ತೆಲುಗು ಸೀಮೆಯ ನಾರಾಯಣಗೂಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಿಮ್ಮ ಅಜ್ಜ ಬಿಟ್ಟುಹೋದ ಫೋಟೊ ಸ್ಟುಡಿಯೊವನ್ನು ಆಗ ನಾನೊಬ್ಬಳೇ ನಡೆಸುತ್ತಿದ್ದೆ. ಸ್ಟುಡಿಯೊ ಎಂದರೆ ಒಂದು ಬಿಳಿ ಪರದೆ, ಒಂದು ಸ್ಟೂಲು, ಎರಡು ದೀಪ. ಕೋಚಿಂಗ್ ಸೆಂಟರಿನ ಹುಡುಗಿಯರು ಪಾಸ್‌ಪೋರ್ಟ್ ಫೋಟೊ ತೆಗೆಸಲು ಬರುತ್ತಿದ್ದರು. ಹಳ್ಳಿಯ ಶಾಲೆಯಲ್ಲಿ ಓದಿದವಳು ನಾನು, ಹೊಸಬರೆದುರು ಮಾತೇ ಹೊರಡುತ್ತಿರಲಿಲ್ಲ. ‘ಈ ಕಡೆ ನೋಡಿ’ ಎನ್ನಲು ತೆಲುಗಿನಲ್ಲಿ ‘ಇಟು ಚೂಡಂಡಿ’ ಎಂದರೆ ಸಾಕು, ನನ್ನ ದಿನ ಸಾಗುತ್ತಿತ್ತು.

ಹಿಂದಿನ ಓಣಿಯ ಕಮಲಕ್ಕ ಗದಗಿನ ಕಡೆಯವರು, ಕಸೂತಿ ಹಾಕುವವರು. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹಾಕುವ ಈ ಕಸೂತಿಗೆ ಪೆನ್ಸಿಲ್ ಗೆರೆಯೂ ಇಲ್ಲ, ಗಂಟೂ ಇಲ್ಲ. ಅದರಲ್ಲೂ ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡೂ ಮೈ ಒಂದೇ ಸಮ. ಅವರ ಸೀರೆಗಳನ್ನು ಸೇಠ್ ಒಬ್ಬ ಕೊಂಡು ತನ್ನ ಅಂಗಡಿಯ ಹೆಸರಿನಲ್ಲಿ ಮಾರುತ್ತಿದ್ದ. ಆ ವರ್ಷ ಕಮಲಕ್ಕ ಮೊದಲ ಸಲ ಧೈರ್ಯಮಾಡಿ, ನಾಂಪಲ್ಲಿಯಲ್ಲಿ ನಡೆಯಲಿದ್ದ ಕೈಕೆಲಸದ ಮೇಳದಲ್ಲಿ ಸ್ವಂತ ಮಳಿಗೆ ಕೇಳಿದ್ದರು. ಅರ್ಜಿಯ ಜೊತೆ ಕಳಿಸಿದ್ದ ಫೋಟೊ ನೋಡಿದ ಮೇಳದವರು, ಇದು ಮಷಿನ್ ಕೆಲಸದಂತೆ ಕಾಣುತ್ತದೆ, ಎರಡೂ ಮೈಯನ್ನು ತೀರ ಹತ್ತಿರದಿಂದ ತೆಗೆದು ಸೋಮವಾರದೊಳಗೆ ಕಳಿಸಿ, ಇಲ್ಲದಿದ್ದರೆ ಮಳಿಗೆ ಬೇರೆಯವರಿಗೆ ಎಂದು ತಿಳಿಸಿದ್ದರು.

ಶುಕ್ರವಾರ ಕಮಲಕ್ಕ ಸೀರೆ ಹಿಡಿದುಕೊಂಡೇ ಬಂದರು. "ಮಿಷನ್ ಅಂತ ನೋಡ್ರಿ ಅಕ್ಕಾರ! ಈ ಕೆಲಸ ಮಾಡಿ ಮಾಡಿ ಕಣ್ಣ ಹೋಗಾಕತ್ಯಾವ, ಮಿಷನ್ ಅಂತ!"

"ನಾ ಬರೇ ಮುಖದ ಫೋಟೊ ತೆಗಿಯಾಕಿ, ಕಮಲಕ್ಕ."

"ಇದೂ ನನ್ನ ಮುಖನ ಅಂತ ತಿಳ್ಕೋರಿ. ಇಷ್ಟು ವರ್ಷ ನನ್ನ ಸೀರಿ ಸೇಠನ ಹೆಸರಿಲೆ ಮಾರಾಟ ಆಗ್ಯಾವ. ಒಮ್ಮೆರೆ ನನ್ನ ಹೆಸರಿಲೆ ಮಾರಾಟ ಆಗ್ಲಿ."

ಇಲ್ಲ ಎನ್ನಲಾಗದೆ ಸೀರೆ ಇಸಿದುಕೊಂಡೆ. ಆದರೆ ನಮ್ಮ ಕ್ಯಾಮೆರಾ ಮೊಳಕ್ಕಿಂತ ಹತ್ತಿರ ಒಯ್ದರೆ ಎಲ್ಲವೂ ಮಸುಕು. ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸ್ ನಮ್ಮಲ್ಲಿರಲಿಲ್ಲ. ಧೂಳೇನಾದರೂ ಕೂತಿದೆಯೋ ಎಂದು ಲೆನ್ಸ್ ಬಿಚ್ಚಿ ಒರೆಸುತ್ತಿದ್ದೆ. ತಿರುಗುಮುರುಗಾಗಿ ಹಿಡಿದಿದ್ದ ಅದರಲ್ಲಿ ನನ್ನ ಸೆರಗು ಕಂಡಿತು. ಮಕ್ಕಳೇ, ಅದು ಸೆರಗಲ್ಲ, ಒಂದೊಂದು ಎಳೆಯೂ ಹೊರಸಿನ ಹುರಿಯಷ್ಟು ದಪ್ಪ! ಮೂವತ್ತು ವರ್ಷ ದಿನಾ ಮುಟ್ಟಿದ ವಸ್ತು, ಹಿಂದಿನಿಂದ ಒಮ್ಮೆಯೂ ನೋಡಿರಲಿಲ್ಲ.

ಲೆನ್ಸನ್ನು ಹಾಗೇ ತಿರುವಿ ಕ್ಯಾಮೆರಾದ ಬಾಯಿಗೆ ಹಚ್ಚಿ, ಸಂದಿಯಲ್ಲಿ ಬೆಳಕು ನುಸುಳದಂತೆ ಕಪ್ಪು ರಿಬ್ಬನ್ ಸುತ್ತಿದೆ. ಕ್ಯಾಮೆರಾ ಅಲುಗದಂತೆ ತೊಗರಿಬೇಳೆಯ ಚೀಲದ ಮೇಲೆ ಕೂರಿಸಿದೆ. ಹಿಟ್ಟಿನ ಜರಡಿಯ ಅಂಚಿಗೆ ಕಮಲಕ್ಕ ತಂದ ಸೀರೆಯ ಸೆರಗನ್ನು ಬಿಗಿದು, ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಎದುರಿಗೆ ನಿಲ್ಲಿಸಿದೆ. ಇಲ್ಲಿ ಫೋಕಸ್ ತಿರುಗಿಸಿದರೆ ಹೆಚ್ಚು ಉಪಯೋಗವಿಲ್ಲ. ಜರಡಿಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು.

ಮೊದಲ ಚಿತ್ರ ನೋಡಿ ನಿರಾಸೆಯಾಯಿತು. ಹೊಲಿಗೆಗಳು ಚಪ್ಪಟೆಯಾಗಿ, ಅಚ್ಚು ಒತ್ತಿದಂತೆ ಹೊಳೆಯುತ್ತಿದ್ದವು. ಬೆರಳಾಡಿಸಿದರೆ ಬಟ್ಟೆ ಗರಿಗರಿ.

"ಗಂಜಿ ಹಾಕೀರೇನು?"

"ಹಾಕದ ಹೆಂಗ್ರಿ? ದೊಡ್ಡವರಿಗೆ ತೋರ್ಸೂದಲ್ಲೇನ್ರಿ! ಇಸ್ತ್ರಿನೂ ಒತ್ತಿ ಒತ್ತಿ ಮಾಡೀನಿ."

ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಮ್ಮ ಕಡೆ ನಾಲ್ಕು ಜನರ ಮುಂದಿಡುವ ಸೀರೆಗೆ ಗಂಜಿ, ಇಸ್ತ್ರಿ ಇಲ್ಲದಿದ್ದರೆ ಮರ್ಯಾದೆ ಹೋದಂತೆ. ಮೇಳದವರು ನೋಡಿದ್ದೂ ಹೀಗೆ ಒತ್ತಿ ಚಪ್ಪಟೆಯಾದ ಹೊಲಿಗೆಯನ್ನೇ. ಸೀರೆಯನ್ನು ತಣ್ಣೀರಿನಲ್ಲಿ ಅದ್ದಿ, ಗಂಜಿ ಬಿಡಿಸಿ, ನೆರಳಿಗೆ ಹರವಿದೆವು.

ಮರುದಿನ ಬೆಳಿಗ್ಗೆ ಕಿಟಕಿಯನ್ನು ಸಣ್ಣ ಸಂದಿಯಷ್ಟೇ ತೆರೆದೆ. ಬೆಳಕು ಬಟ್ಟೆಯ ಮೇಲೆ ಓರೆಯಾಗಿ ಬಿತ್ತು. ಇನ್ನೊಂದು ಬದಿಗೆ ಸ್ಟೀಲ್ ತಾಟು ನಿಲ್ಲಿಸಿದಾಗ ಕತ್ತಲ ಕಡೆಗೂ ಸ್ವಲ್ಪ ಬೆಳಕು ಮರಳಿತು. ಸೆರಗಿನ ಅಂಚನ್ನು ಮಡಚಿ, ಕಸೂತಿಯ ಗೋಪುರದ ಚಿತ್ತಾರಗಳಲ್ಲಿ ಒಂದರ ಹೊರಮೈ, ಇನ್ನೊಂದರ ಒಳಮೈ ಪಕ್ಕಪಕ್ಕ ಬರುವಂತೆ ಬಿಗಿದೆ. ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ಕಂಪ್ಯೂಟರಿನ ಪರದೆಯ ತುಂಬ ಒಂದು ಊರೇ ಎದ್ದಿತ್ತು. ಉಗುರಿನಷ್ಟಗಲದ ಗೋಪುರಕ್ಕೆ ಕಲ್ಲಿನ ಮೆಟ್ಟಿಲುಗಳು, ಮೆಟ್ಟಿಲಿಗೊಂದು ನೆರಳು. ರೇಷ್ಮೆಯ ಒಂದೊಂದು ಎಳೆಯ ಹೊಸೆತವೂ ಕಾಣುತ್ತಿತ್ತು. ಸೂಜಿ ಇಳಿದಲ್ಲಿ ಬಾವಿಯಂಥ ಕತ್ತಲು. ಯಾವುದು ಒಳಮೈ, ಯಾವುದು ಹೊರಮೈ ಎಂದು ನನಗೇ ತಿಳಿಯಲಿಲ್ಲ. ಕಮಲಕ್ಕ ಪರದೆಯನ್ನು ಮುಟ್ಟಿ ನೋಡಿದರು.

"ಇದು ನಾ ಮಾಡಿದ್ದೇನ್ರಿ?"

ಆಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ಕೆಂಪು ದಾರದ ಜೊತೆ ಬೆಳ್ಳಗಿನ ಎಳೆಯೊಂದು ಹೊಲಿಗೆಯೊಳಗೆ ಹೋಗಿತ್ತು. ಅವರದೇ ತಲೆಗೂದಲು.

"ಅಯ್ಯ, ತೆಗೀರಿ ಅದನ್ನ! ಹೊಲಸು ಅಂತಾರ."

ನನಗೆ ಎಲ್ಲಿಂದ ಮಾತು ಬಂತೋ! "ಇರ್ಲಿ ಬಿಡ್ರಿ. ಮಿಷನ್ನಿನ ಕೂದಲ ಎಲ್ಲಿ ಬೆಳ್ಳಗಾಗ್ತಾವ?"

ಕಮಲಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದೇ ಚಿತ್ರ ಕಳಿಸಿದೆವು. ಸೋಮವಾರ ಸಂಜೆಯೇ ಮಳಿಗೆ ಸಿಕ್ಕ ಸುದ್ದಿ ಬಂತು.

ಮೇಳದಲ್ಲಿ ಆ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ತೂಗುಹಾಕಿದ್ದರು, ಮೇಲೆ ಕಮಲಕ್ಕನ ಹೆಸರು. ಜನ ಅದನ್ನು ಕಂಡು ನಿಲ್ಲುತ್ತಿದ್ದರು, ನಂತರ ಸೀರೆಯ ಮೇಲೆ ಬಗ್ಗುತ್ತಿದ್ದರು. ಗದ್ದಲದಲ್ಲಿ ಕೂಗಿ ಕೂಗಿ ಕಮಲಕ್ಕನ ದನಿ ಕೂತುಹೋಗಿತ್ತು. ಆಗ ಪಕ್ಕದಲ್ಲಿ ಕುಳಿತಿದ್ದ ನಾನು ಎದ್ದು ನಿಂತು, ನನಗೆ ಬರುತ್ತಿದ್ದ ಅಷ್ಟೇ ತೆಲುಗನ್ನು ಗಟ್ಟಿಯಾಗಿ ಕೂಗಿದೆ: "ಇಟು ಚೂಡಂಡಿ!"

ಫೋಟೊ ತೆಗೆಯುವವರ ಕೆಲಸ ಇಷ್ಟೇ ಎಂದು ನನಗೆ ಅವತ್ತು ತಿಳಿಯಿತು. ತಾನು ಮೊದಲು ಹತ್ತಿರ ಹೋಗಿ ನೋಡಬೇಕು, ಆಮೇಲೆ ಉಳಿದವರನ್ನು ಕರೆಯಬೇಕು.